ಒಂದೇ ಅಕ್ಷರದ ಹಲವು ಮುಖಗಳು: ಮಾಯಾ ಲಿಪಿಯನ್ನು ಕುರಿತು ಒಂದು ವಿಚಾರ

ಅಕ್ಷರ ಬಲ್ಲೆವೆಂದು ನಾವೆಲ್ಲರೂ ಹೇಳಿಕೊಳ್ಳುತ್ತೇವೆ. ಆದರೆ ಒಂದು ಅಕ್ಷರವನ್ನು ಗುರುತಿಸುವುದೆಂದರೆ ಏನೆಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ನಮ್ಮ ಕನ್ನಡದ ರಕಾರವನ್ನೇ ನೋಡಿರಿ. 'ರಥ' ಎಂದು ಬರೆಯುವಾಗ ಅದಕ್ಕೆ ಒಂದು ರೂಪ. 'ಚಕ್ರ' ಎಂದು ಬರೆಯುವಾಗ ಕಕಾರದ ಕೆಳಗೆ ಕೊಂಡಿಯಂತೆ ಬಳಸಿಕೊಂಡಿರುವ ಇನ್ನೊಂದು ರೂಪ. 'ಧರ್ಮ' ಎಂದು ಬರೆಯುವಾಗ ಅರ್ಕಾವೊತ್ತಾಗಿ ಮಕಾರದ ಬಲಗಡೆಯಲ್ಲಿ ನಿಲ್ಲುವ ಮೂರನೆಯ ರೂಪ. ಈ ಮೂರಕ್ಕೂ ಕಣ್ಣಿಗೆ ಕಾಣುವ ಹೋಲಿಕೆ ಯಾವುದೂ ಇಲ್ಲ. ಆದರೂ ಎರಡನೆಯ ತರಗತಿಯ ಹುಡುಗಿಯು ಅವೆಲ್ಲವೂ ಒಂದೇ ಅಕ್ಷರವೆಂದು ತಿಳಿದು ತಡೆಯಿಲ್ಲದೆ ಓದುತ್ತಾಳೆ. ಕನ್ನಡವನ್ನೇ ಅರಿಯದ ಪರದೇಶಿಯೊಬ್ಬನು ನಮ್ಮ ಪುಸ್ತಕವನ್ನು ಮುಂದಿಟ್ಟುಕೊಂಡು ಆಕಾರಗಳನ್ನು ಎಣಿಸುತ್ತ ಹೋದರೆ, ಅವನ ಲೆಕ್ಕಕ್ಕೆ ಅವು ಮೂರು ಅಕ್ಷರಗಳು. ಅವನ ಕಣ್ಣು ಸುಳ್ಳು ಹೇಳಿತೆನ್ನಲಾಗದು. ಆದರೂ ಅವನ ಲೆಕ್ಕ ತಪ್ಪು.

ಮಧ್ಯ ಅಮೆರಿಕಾದ ಮಾಯಾ ಜನರ ಪುರಾತನ ಲಿಪಿಯ ಮುಂದೆ ವಿದ್ವಲ್ಲೋಕವು ಬಹುಕಾಲ ಈ ಪರದೇಶಿಯ ಸ್ಥಿತಿಯಲ್ಲಿಯೇ ಕುಳಿತಿತ್ತು. ಆ ಲಿಪಿಯನ್ನು ಓದಿದ ವೃತ್ತಾಂತದಿಂದ ನಾವು ತಿಳಿಯತಕ್ಕ ಒಂದು ಮಾತನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ರೂಪಭೇದವನ್ನು ಕಂಡ ಮಾತ್ರಕ್ಕೆ ವಸ್ತುಭೇದವನ್ನು ಕಲ್ಪಿಸಬಾರದು. ರೂಪಸಾಮ್ಯವನ್ನು ಕಂಡ ಮಾತ್ರಕ್ಕೆ ಐಕ್ಯವನ್ನೂ ಕಲ್ಪಿಸಬಾರದು. ಅಕ್ಷರವು ಯಾವುದೆಂಬುದನ್ನು ಅದು ನಿಂತ ಸ್ಥಾನವೂ ಅದರ ನೆರೆಹೊರೆಯೂ ಹೇಳಬೇಕು. ಹಾಗೆ ಗುರುತಿಸಿದ ಮೇಲೆಯೂ ರೂಪಗಳ ವೈವಿಧ್ಯವನ್ನು ಅಳಿಸಿಹಾಕಬಾರದು. ಇದು ನನ್ನ ದೃಢವಾದ ಅಭಿಪ್ರಾಯ.

ಮಾಯಾ ಜನರ ನಾಡೆಂದರೆ ಗ್ವಾಟೆಮಾಲಾ, ಬೆಲೀಜ್, ಮೆಕ್ಸಿಕೋ ದೇಶದ ಆಗ್ನೇಯ ಭಾಗ, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ದೇಶಗಳ ಪಶ್ಚಿಮ ಭಾಗ. ಕ್ರಿ. ಶ. 250ರಿಂದ 900ರವರೆಗೆ ಅಲ್ಲಿ ಟಿಕಾಲ್, ಪಲೆಂಕೆ, ಕೊಪಾನ್, ಯಾಷ್ಚಿಲಾನ್ ಮೊದಲಾದ ನಗರಗಳು ವೈಭವದಿಂದಿದ್ದವು. ಅಲ್ಲಿಯ ಲಿಪಿಕಾರರು ಶಿಲಾಸ್ತಂಭಗಳ ಮೇಲೂ, ಬಾಗಿಲುಗಳ ಮೇಲಣ ತೊಲೆಗಲ್ಲುಗಳ ಮೇಲೂ, ಮಣ್ಣಿನ ಪಾತ್ರೆಗಳ ಮೇಲೂ, ಮರದ ತೊಗಟೆಯ ಕಾಗದದಿಂದ ಮಾಡಿದ ಪುಸ್ತಕಗಳಲ್ಲಿಯೂ ಬರೆದರು. ಗುರುತುಗಳನ್ನು ಚೌಕಾಕಾರದ ಗುಂಪುಗಳಾಗಿ ಕೂಡಿಸಿ, ಎರಡೆರಡು ಸಾಲುಗಳಲ್ಲಿ ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಓದುವಂತೆ ಜೋಡಿಸುವುದು ಅವರ ರೂಢಿ.

ಈ ಲಿಪಿಯಲ್ಲಿ ಎರಡು ಬಗೆಯ ಗುರುತುಗಳುಂಟು. ಒಂದು ಬಗೆಯವು ಇಡೀ ಪದವನ್ನು ಸೂಚಿಸುವ ಪದಚಿಹ್ನೆಗಳು. ಇನ್ನೊಂದು ಬಗೆಯವು ನಮ್ಮ ಕಾಗುಣಿತದ ಅಕ್ಷರಗಳಂತೆ ಒಂದು ವ್ಯಂಜನವನ್ನೂ ಒಂದು ಸ್ವರವನ್ನೂ ಕೂಡಿಸಿ ಹೇಳುವುವು. ಆದರೆ ನಮ್ಮಲ್ಲಿ ಕ, ಕಿ, ಕು ಎಂಬುವುಗಳ ಮೈಕಟ್ಟು ಒಂದೇ ಆಗಿದ್ದು, ತಲೆಕಟ್ಟು, ಗುಡಿಸು, ಕೊಂಬುಗಳು ಮಾತ್ರ ಬದಲಾಗುತ್ತವೆ. ಅಲ್ಲಿಯಾದರೋ ಕ ಎಂಬುದೇ ಬೇರೊಂದು ಚಿತ್ರ, ಕು ಎಂಬುದೇ ಬೇರೊಂದು ಚಿತ್ರ. ಒಂದು ಪದವನ್ನು ಹಲವು ರೀತಿಯಾಗಿ ಬರೆಯುವ ಸ್ವಾತಂತ್ರ್ಯವೂ ಅವರಿಗಿತ್ತು. ಜಾಗ್ವಾರ್ ಎಂಬ ಚುಕ್ಕೆಯ ಮೃಗಕ್ಕೆ ಅವರ ಭಾಷೆಯಲ್ಲಿ 'ಬಾಲಮ್' ಎಂದು ಹೆಸರು. ಲಿಪಿಕಾರನು ಆ ಮೃಗದ ತಲೆಯನ್ನು ಮಾತ್ರ ಬರೆಯಬಹುದು. ತಲೆಯ ಮುಂದೆ 'ಬ' ಎಂಬ ಅಕ್ಷರವನ್ನಿಟ್ಟು ಓದುವವನಿಗೆ ಸಹಾಯ ಮಾಡಬಹುದು. ಹಿಂದೆ 'ಮ' ಎಂಬುದನ್ನು ಸೇರಿಸಬಹುದು. ಇಲ್ಲವೆ ತಲೆಯನ್ನೇ ಬಿಟ್ಟು ಬ-ಲ-ಮ ಎಂದು ಬಿಡಿ ಅಕ್ಷರಗಳಲ್ಲಿ ಬರೆಯಬಹುದು. ಕೊನೆಯ ಅಕ್ಷರದ ಸ್ವರವನ್ನು ಉಚ್ಚರಿಸುವ ಹಾಗಿಲ್ಲ. ನಾವು 'ಬಸ್' ಎಂಬ ಪರಭಾಷೆಯ ಪದವನ್ನು 'ಬಸ್ಸು' ಎಂದು ನುಡಿದು ಕೊನೆಗೊಂದು ಸ್ವರವನ್ನು ಸೇರಿಸುತ್ತೇವೆ. ಅವರು ಬರೆಯುವಾಗ ಸೇರಿಸಿ ನುಡಿಯುವಾಗ ಬಿಡುತ್ತಿದ್ದರು. ಕ್ರಿ. ಶ. 603ರಿಂದ 683ರವರೆಗೆ ಬದುಕಿದ್ದ ಪಲೆಂಕೆಯ ಅರಸು ಪಕಾಲನ ಹೆಸರು ಹೀಗೆಯೇ ಕೆಲವೆಡೆ ಗುರಾಣಿಯ ಚಿತ್ರವಾಗಿಯೂ ಕೆಲವೆಡೆ ಪ-ಕ-ಲ ಎಂದೂ ಕಾಣಬರುತ್ತದೆ. 'ಪಕಾಲ್' ಎಂದರೆ ಗುರಾಣಿ.

ಇಷ್ಟರಲ್ಲಿಯೇ ಮುಗಿದಿದ್ದರೆ ಕಷ್ಟವೇನೂ ಇರಲಿಲ್ಲ. ಆದರೆ ಒಂದೊಂದು ಬಿಡಿ ಅಕ್ಷರಕ್ಕೂ ಅಲ್ಲಿ ಹಲವು ವೇಷಗಳಿರುವುದುಂಟು. ಸರಳವಾದ ರೇಖೆಗಳ ರೂಪವೊಂದು. ಅದೇ ಅಕ್ಷರಕ್ಕೆ ಮನುಷ್ಯನ ಅಥವಾ ಪ್ರಾಣಿಯ ತಲೆಯ ರೂಪವೊಂದು. ಅಪೂರ್ವವಾಗಿ ಕೈಕಾಲುಗಳ ಸಮೇತ ಕುಳಿತಿರುವ ಸರ್ವಾಂಗ ರೂಪವೊಂದು. ಕೆಲವೊಮ್ಮೆ ಪ್ರಾಣಿಯ ಒಂದೇ ಅಂಗವನ್ನು ಬರೆದು ಇಡೀ ಪ್ರಾಣಿಯೆಂದು ತಿಳಿಯಬೇಕು. ಕೆಲವೊಮ್ಮೆ ಒಂದು ಗುರುತಿನ ಹೊಟ್ಟೆಯೊಳಗೆ ಇನ್ನೊಂದನ್ನು ಹುದುಗಿಸಿರುತ್ತಾರೆ. ಒಂದೇ ಶಾಸನದಲ್ಲಿ ಒಂದೇ ಅಕ್ಷರವು ಎರಡನೆಯ ಸಲ ಬಂದಾಗ ರೂಪವನ್ನು ಬದಲಿಸಿ ಬರೆಯುವುದು ಒಳ್ಳೆಯ ಲಿಪಿಕಾರನ ಜಾಣ್ಮೆಯೆನಿಸುತ್ತಿತ್ತು.

ಇದಕ್ಕೆ ಉತ್ತಮವಾದ ದೃಷ್ಟಾಂತವು 'ಕ' ಎಂಬ ಅಕ್ಷರ. ಅದರ ಒಂದು ರೂಪವು ಹಲ್ಲುಗಳುಳ್ಳ ಬಾಚಣಿಗೆಯಂತಿದೆ. ಇನ್ನೊಂದು ರೂಪವು ಮೀನು. ಬಾಚಣಿಗೆಗೂ ಮೀನಿಗೂ ಏನು ಸಂಬಂಧವೆಂದು ಕೇಳುವಿರಾ? ಯುಕಟಾನಿನ ಮಾಯಾ ಭಾಷೆಯಲ್ಲಿ ಮೀನಿಗೆ 'ಕಯ್' ಎನ್ನುತ್ತಾರೆ. ಬಾಚಣಿಗೆಯೆಂದು ನಮ್ಮ ಕಣ್ಣಿಗೆ ತೋರುವುದು ವಾಸ್ತವವಾಗಿ ಮೀನಿನ ಈಜುರೆಕ್ಕೆ. ಅಂಗವನ್ನು ಬರೆದು ಅಂಗಿಯನ್ನು ಸೂಚಿಸಿದ್ದಾರೆ. ಮಾಯಾ ಶ್ರೀಮಂತರು ಕುಡಿಯುತ್ತಿದ್ದ ಕೋಕೋ ಪಾನೀಯದ ಪಾತ್ರೆಗಳ ಮೇಲೆ ಮೊದಲು ಬಾಚಣಿಗೆ, ಬಳಿಕ ಮೀನು, ಕೊನೆಯಲ್ಲಿ 'ವ' ಎಂಬ ಅಕ್ಷರವಿರುವ ಪದವೊಂದು ಕಾಣುತ್ತದೆ. ಬಾಚಣಿಗೆಯನ್ನು ಒಂದು ಅಕ್ಷರವೆಂದೂ ಮೀನನ್ನು ಇನ್ನೊಂದು ಅಕ್ಷರವೆಂದೂ ಹಿಡಿದವನಿಗೆ ಆ ಪದವು ಎಂದೆಂದಿಗೂ ಒಗಟೇ. ಎರಡೂ ಒಂದೇ 'ಕ' ಎಂದು ತಿಳಿದವನಿಗೆ ಅದು ಕ-ಕ-ವ, ಅಂದರೆ 'ಕಕಾವ್'. ಇಂದು ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬೆಳೆಯುವ ಕೋಕೋ ಗಿಡದ ಹೆಸರು ಅದೇ ಪದದಿಂದ ಬಂದುದು. ಇನ್ನು ಕೆಲವು ಪಾತ್ರೆಗಳಲ್ಲಿ ಲಿಪಿಕಾರನು ಒಂದೇ 'ಕ' ವನ್ನು ಬರೆದು ಅದರ ಮಗ್ಗುಲಲ್ಲಿ ಎರಡು ಚುಕ್ಕೆಗಳನ್ನಿಟ್ಟು, ಇದನ್ನು ಎರಡು ಸಲ ಓದಿರೆಂದು ಸೂಚಿಸಿದ್ದಾನೆ.

ಈ ಓದುವಿಕೆಗೆ ಲಿಪಿಶಾಸ್ತ್ರದ ಹೊರಗಿನ ಸಾಕ್ಷಿಯೂ ದೊರೆಯಿತು. 1984ರಲ್ಲಿ ಗ್ವಾಟೆಮಾಲಾದ ರಿಯೋ ಅಸುಲ್ ಎಂಬ ಸ್ಥಳದ ಸಮಾಧಿಯೊಂದರಲ್ಲಿ, ತಿರುಗಿಸಿ ಭದ್ರಪಡಿಸುವ ಮುಚ್ಚಳವುಳ್ಳ ಪಾತ್ರೆಯೊಂದು ಸಿಕ್ಕಿತು. ಅದರ ಮೇಲಿನ ಬರಹದಲ್ಲಿ 'ಕಕಾವ್' ಎಂಬ ಪದವಿದೆಯೆಂದು ಡೇವಿಡ್ ಸ್ಟುವರ್ಟ್ ಎಂಬ ತರುಣ ವಿದ್ವಾಂಸರು ಓದಿದರು. ಅದರೊಳಗೆ ಅಂಟಿಕೊಂಡಿದ್ದ ಶೇಷವನ್ನು ಹರ್ಷಿ ಚಾಕೊಲೇಟ್ ಕಂಪೆನಿಯ ರಸಾಯನಶಾಲೆಯಲ್ಲಿ ಪರೀಕ್ಷಿಸಿದಾಗ ಕೋಕೋವಿನಲ್ಲಿರುವ ಥಿಯೊಬ್ರೊಮಿನ್ ಮತ್ತು ಕೆಫೀನ್ ಎಂಬ ದ್ರವ್ಯಗಳು ಕಂಡುಬಂದವು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಪಾತ್ರೆಯ ಮೇಲೆ ಬರೆದ ಹೆಸರಿಗೂ ಒಳಗಿದ್ದ ವಸ್ತುವಿಗೂ ತಾಳೆಯಾಯಿತು.

ಆದರೆ ಇಷ್ಟನ್ನು ಕೇಳಿ, ಮೀನೆಲ್ಲಿ ಕಂಡರೂ 'ಕ' ಎಂದು ಓದಿಬಿಡಬಹುದೆಂದು ಯಾರೂ ಭಾವಿಸಬಾರದು. ಶಾರ್ಕ್ ಮೀನಿನ ತಲೆಯಂತಿರುವ ಇನ್ನೊಂದು ಗುರುತು 'ಉ' ಎಂಬ ಸ್ವರ. ಈ ಮೀನಿನ ತಲೆಯೂ ಅದಕ್ಕೆ ಸ್ವಲ್ಪವೂ ಹೋಲದ ಬೇರೊಂದು ಗುರುತೂ ಒಂದೇ ಸ್ಥಾನದಲ್ಲಿ ಪರಸ್ಪರ ಬದಲಾಗಿ ಬರುವುದನ್ನು ಇಂಗ್ಲೆಂಡಿನ ಎರಿಕ್ ಥಾಂಪ್ಸನ್ ಅವರು 1944ರಲ್ಲಿಯೇ ವಿವರಿಸಿದ್ದರು. ನೋಟ ಸರಿಯಾಗಿಯೇ ಇತ್ತು. ಆದರೆ ಲಿಪಿಯು ಧ್ವನಿಯನ್ನು ಹೇಳುವುದಿಲ್ಲವೆಂಬ ನಂಬಿಕೆಯಿಂದ ಅವರು ಅವೆರಡನ್ನೂ ಎಣಿಕೆಯ ಸಂಕೇತಗಳೆಂದು ವ್ಯಾಖ್ಯಾನಿಸಿದರು. ಅವೆರಡೂ 'ಉ' ಎಂಬ ಅಕ್ಷರವೆಂದೂ, ಅಲ್ಲಿ ಬರೆದಿರುವುದು 'ಸಂಭವಿಸಿತು' ಎಂಬರ್ಥದ 'ಉತಿ' ಎಂಬ ಕ್ರಿಯಾಪದವೆಂದೂ ಮುಂದೆ ತಿಳಿಯಿತು. ಒಂದೇ ಆಕಾರಕ್ಕೆ ಎರಡು ಓದುವಿಕೆಗಳಿರುವುದೂ ಉಂಟು: 'ಕು' ಎಂಬ ಅಕ್ಷರವೇ ಬೇರೆ ಸಂದರ್ಭದಲ್ಲಿ ಕಲ್ಲು ಎಂಬರ್ಥದ 'ತೂನ್' ಎಂಬ ಪದವಾಗುತ್ತದೆ. ಇದು ನಮಗೇನೂ ಹೊಸತಲ್ಲ. ನಮ್ಮ ಸೊನ್ನೆಯು ಅಂಕೆಗಳ ನಡುವೆ ಶೂನ್ಯ, ಅಕ್ಷರಗಳ ನಡುವೆ ಅನುಸ್ವಾರ. ಅರ್ಕಾವೊತ್ತಿಗೂ ಕನ್ನಡದ ಒಂಬತ್ತರ ಅಂಕೆಗೂ ಇರುವ ಹೋಲಿಕೆ ಎಲ್ಲರೂ ಬಲ್ಲದ್ದು. ಸ್ಥಾನವನ್ನು ನೋಡಿ ನಾವು ನಿರ್ಣಯಿಸುತ್ತೇವೆ.

ಹಾಗಾದರೆ ಭಾಷೆಯನ್ನು ಮಾತನಾಡಿದವರು ಮರೆಯಾಗಿ ಶತಮಾನಗಳು ಕಳೆದ ಮೇಲೆ ಸ್ಥಾನವನ್ನು ನೋಡುವುದು ಹೇಗೆ? ನಮ್ಮ ಹಿರಿಯರ ಕಾಗದಗಳನ್ನು ಜ್ಞಾಪಕಕ್ಕೆ ತಂದುಕೊಳ್ಳಿರಿ. ಪ್ರತಿಯೊಂದು ಕಾಗದಕ್ಕೂ ಗೊತ್ತಾದ ಒಕ್ಕಣೆಯಿತ್ತು. 'ಉಭಯ ಕುಶಲೋಪರಿ' ಎಂದ ಮೇಲೆ 'ಸಾಂಪ್ರತ' ಎಂಬುದು ಬಂದೇ ಬರಬೇಕು. ಬರೆದವರ ಕೈಬರಹ ಎಷ್ಟೇ ಕೆಟ್ಟದ್ದಾಗಿರಲಿ, ಆ ಸ್ಥಳದಲ್ಲಿರುವ ಗೀಚು 'ಸಾಂಪ್ರತ'ವೇ ಎಂದು ಓದಿಕೊಂಡು, ಅವರ ಸಕಾರ ಹೇಗಿರುತ್ತದೆ, ತಕಾರ ಹೇಗಿರುತ್ತದೆ ಎಂಬುದನ್ನು ಅಲ್ಲಿಂದಲೇ ಕಲಿತುಕೊಳ್ಳುತ್ತಿದ್ದೆವು. ಮಾಯಾ ಪಾತ್ರೆಗಳ ಅಂಚಿನ ಸುತ್ತಲೂ ಇಂತಹದೇ ಒಂದು ಒಕ್ಕಣೆಯುಂಟೆಂದು ಮೈಕೆಲ್ ಕೋ ಅವರು 1973ರಲ್ಲಿ ತೋರಿಸಿದರು. ಪಾತ್ರೆ ಎಂತಹದು, ಕುಡಿಯುವುದೇನು, ಒಡೆಯರು ಯಾರು ಎಂಬ ಮಾತುಗಳು ನೂರಾರು ಪಾತ್ರೆಗಳಲ್ಲಿ ಅದೇ ಕ್ರಮದಲ್ಲಿ ಬರುವುವು. ಬಾರ್ಬರಾ ಮ್ಯಾಕ್ಲೌಡ್ ಮೊದಲಾದ ವಿದ್ವಾಂಸರು ಪಾತ್ರೆಯ ಪಕ್ಕದಲ್ಲಿ ಪಾತ್ರೆಯನ್ನಿಟ್ಟು, ಒಂದರಲ್ಲಿ ಸರಳ ರೇಖೆಗಳಿರುವ ಸ್ಥಾನದಲ್ಲಿ ಇನ್ನೊಂದರಲ್ಲಿ ಪ್ರಾಣಿಯ ತಲೆ ಬಂದಿರುವುದನ್ನು ಗುರುತಿಸುತ್ತ ಹೋದರು. ಸ್ಟುವರ್ಟ್ ಅವರು 1987ರಲ್ಲಿ ಪ್ರಕಟಿಸಿದ, ಹತ್ತು ಧ್ವನ್ಯಕ್ಷರಗಳನ್ನು ಕುರಿತ ಪ್ರಬಂಧವು ಈ ಪರಸ್ಪರ ವಿನಿಮಯದ ನ್ಯಾಯವನ್ನೇ ಆಧಾರವಾಗಿ ಹಿಡಿದದ್ದು.

ಈ ನ್ಯಾಯಕ್ಕೂ ಒಂದು ಮಿತಿಯುಂಟೆಂಬುದನ್ನು ಮರೆಯಬಾರದು. ಕಾಗದದಲ್ಲಿ 'ತಂದೆಯವರಿಗೆ' ಎಂದು ಬರೆಯುವ ಸ್ಥಳದಲ್ಲಿಯೇ 'ತೀರ್ಥರೂಪರಿಗೆ' ಎಂದೂ ಬರೆಯುತ್ತಾರೆ. ಸ್ಥಾನ ಒಂದೇ ಆಯಿತೆಂದು ಪದವೂ ಒಂದೇ ಎನ್ನಬಹುದೇ? ಆದಕಾರಣ ಒಂದು ಎಡೆಯ ವಿನಿಮಯವನ್ನು ನೆಚ್ಚುವಂತಿಲ್ಲ. ಎರಡು ರೂಪಗಳು ಹಲವು ಪದಗಳಲ್ಲಿ, ಹಲವು ಊರುಗಳ ಬರಹಗಳಲ್ಲಿ, ಒಂದರ ಬದಲಿಗೆ ಒಂದು ಬರಬೇಕು. ಹಾಗೆ ಓದಿದಾಗ ಮಾಯಾ ಭಾಷೆಯ ನಿಜವಾದ ಪದಗಳು ಹೊರಡಬೇಕು. ಸಾಧ್ಯವಾದಲ್ಲಿ ಪಕ್ಕದ ಚಿತ್ರವೋ ವಸ್ತುವೋ ಅದಕ್ಕೆ ಸಾಕ್ಷಿ ನುಡಿಯಬೇಕು. ಈ ಮೂರೂ ಕೂಡಿದಾಗ ಮಾತ್ರ ಬಾಚಣಿಗೆಯೂ ಮೀನೂ ಒಂದೇ ಎಂದು ಹೇಳುವ ಅಧಿಕಾರ ನಮಗೆ ಬರುತ್ತದೆ. ಬರಿಯ ಕಣ್ಣಿನ ಚಾತುರ್ಯದಿಂದ ಅದು ಬಾರದು.

ಇಂತಹ ಎಚ್ಚರಿಕೆ ಇಲ್ಲದಿದ್ದುದರಿಂದ ಆದ ನಷ್ಟವನ್ನು ಈಗ ನೋಡೋಣ. ಫ್ರಾನ್ಸಿಸ್ಕನ್ ಸಂನ್ಯಾಸಿಯೂ ಮುಂದೆ ಯುಕಟಾನಿನ ಬಿಷಪರೂ ಆದ ದಿಯೇಗೊ ದೆ ಲಾಂಡಾ ಅವರು 1562ರ ಜುಲೈ 12ರಂದು ಮಾನಿ ಎಂಬ ಊರಿನಲ್ಲಿ ಮಾಯಾ ಜನರ ಪುಸ್ತಕಗಳನ್ನು ಸುಡಿಸಿದರು. ಅದರಿಂದ ಆ ಜನರು ಬಹಳವಾಗಿ ದುಃಖಪಟ್ಟರೆಂದು ಅವರೇ ಬರೆದಿದ್ದಾರೆ. ಇಂದು ಜಗತ್ತಿನಲ್ಲಿ ಉಳಿದಿರುವ ಮಾಯಾ ಪುಸ್ತಕಗಳು ನಾಲ್ಕೇ ನಾಲ್ಕು. ದೇವರ ಹೆಸರಿನಲ್ಲಿ ನಡೆದ ಈ ಕಾರ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಅದೇ ಲಾಂಡಾ ಅವರು ಸುಮಾರು 1566ರಲ್ಲಿ ಆ ನಾಡಿನ ವಿಚಾರವಾಗಿ ಬರೆದ ಗ್ರಂಥದಲ್ಲಿ ಮಾಯಾ ಅಕ್ಷರಗಳ ಚಿಕ್ಕದೊಂದು ಪಟ್ಟಿಯನ್ನೂ ಕೊಟ್ಟರು. ಪುಸ್ತಕಗಳನ್ನು ಸುಟ್ಟ ಕೈಯೇ ಬೀಗದ ಕೈಯನ್ನೂ ಉಳಿಸಿತೆಂಬುದು ಚರಿತ್ರೆಯ ವಿಚಿತ್ರ.

ಅವರು ಸ್ಪೇನ್ ದೇಶದ ಅಕ್ಷರಮಾಲೆಯ ಹೆಸರುಗಳನ್ನು ಒಂದೊಂದಾಗಿ ಹೇಳಿ, ಇದನ್ನು ನಿಮ್ಮಲ್ಲಿ ಹೇಗೆ ಬರೆಯುವಿರೆಂದು ಮಾಯಾ ಪಂಡಿತನನ್ನು ಕೇಳಿದರೆಂದು ತೋರುತ್ತದೆ. ಪಂಡಿತನು ಕಿವಿಗೆ ಬಿದ್ದ ಧ್ವನಿಯನ್ನು ಬರೆದನು. 'ಬೆ' ಎಂದಾಗ, ಅವನ ಭಾಷೆಯಲ್ಲಿ ದಾರಿಗೆ ಆ ಹೆಸರಿರುವುದರಿಂದ, ದಾರಿಯಲ್ಲಿ ಮೂಡಿದ ಹೆಜ್ಜೆಯ ಗುರುತನ್ನು ಬರೆದನು. 'ಲೆ' ಎಂಬ ಪದವನ್ನು ಬರೆಯಿಸಲು ಅಕ್ಷರಗಳ ಹೆಸರುಗಳನ್ನು ಹೇಳಿ ಬಳಿಕ ಪದವನ್ನೂ ಹೇಳಿದಾಗ, ಎ-ಲೆ-ಎ-ಲೆ ಎಂದು ಎಲ್ಲವನ್ನೂ ಬರೆದನು. ಕೊನೆಗೊಂದು ವಾಕ್ಯವನ್ನು ಬರೆಯೆಂದಾಗ 'ಮ ಇನ್ ಕತಿ' ಎಂದು ಬರೆದನು. 'ನನಗೆ ಇಷ್ಟವಿಲ್ಲ' ಎಂದು ಅದರ ಅರ್ಥ! ಆ ಪಟ್ಟಿಯಲ್ಲಿ 'ಕ' ಎಂಬುದಕ್ಕೆ ಬರೆದಿರುವುದು ಮೇಲೆ ಹೇಳಿದ ಬಾಚಣಿಗೆಯೇ. ಅಷ್ಟೇ ಅಲ್ಲದೆ 'ಅ' ಎಂಬುದಕ್ಕೆ ಮೂರು ಗುರುತುಗಳೂ, ಬ, ಲ, ಉ ಮೊದಲಾದ ಕೆಲವಕ್ಕೆ ಎರಡೆರಡು ಗುರುತುಗಳೂ ಅಲ್ಲಿವೆ. ಒಂದು ಧ್ವನಿಗೆ ಹಲವು ರೂಪಗಳುಂಟೆಂಬ ಮಾತು ಆ ಹಾಳೆಯಲ್ಲಿಯೇ ಸ್ಪಷ್ಟವಾಗಿತ್ತು; ಓದುವ ಕಣ್ಣು ಮಾತ್ರ ಇರಲಿಲ್ಲ.

1862ರಲ್ಲಿ ಬ್ರಾಸ್ಸರ್ ದೆ ಬೂರ್ಬೂರ್ ಎಂಬ ಫ್ರೆಂಚ್ ಪಾದ್ರಿಗಳು ಮ್ಯಾಡ್ರಿಡ್ ನಗರದಲ್ಲಿ ಆ ಗ್ರಂಥದ ಪ್ರತಿಯನ್ನು ಕಂಡುಹಿಡಿದು 1864ರಲ್ಲಿ ಪ್ರಕಟಿಸಿದರು. ಅವರು ಆ ಪಟ್ಟಿಯನ್ನು ಯೂರೋಪಿನ ಅಕ್ಷರಮಾಲೆಯಂತೆ ಹಿಡಿದು ಓದಹೊರಟಾಗ ಅರ್ಥವಿಲ್ಲದ ಮ‌ಾತುಗಳೇ ಹೊರಟವು. 1880ರಲ್ಲಿ ವ್ಯಾಲೆಂಟಿನಿ ಎಂಬವರು ಆ ಪಟ್ಟಿಯೇ ಸ್ಪೇನಿನವರ ಕಟ್ಟುಕಥೆಯೆಂದು ತೀರ್ಪು ಕೊಟ್ಟರು. ಮಾಯಾ ಲಿಪಿಯು ಮಾತನ್ನು ಬರೆಯುವ ಲಿಪಿಯಲ್ಲ, ಕಾಲಗಣನೆಯ ಮತ್ತು ದೇವತೆಗಳ ಸಂಕೇತ ಮಾತ್ರ ಎಂಬ ಅಭಿಪ್ರಾಯವು ಮುಂದೆ ಬಲವಾಗಿ ಬೇರೂರಿತು. ಒಂದು ಜನಾಂಗಕ್ಕೆ ಲಿಪಿಯಿಲ್ಲವೆಂದರೆ ಅದಕ್ಕೆ ಚರಿತ್ರೆಯಿಲ್ಲವೆಂದೇ ಹೇಳಿದ ಹಾಗೆ. ಅರಸರ ಹೆಸರುಗಳು, ಯುದ್ಧಗಳು, ಮದುವೆಗಳು, ತಾಯಿತಂದೆಗಳ ಹೆಸರುಗಳು ಕಲ್ಲಿನ ಮೇಲೆ ಕಣ್ಣೆದುರಿಗೇ ಇದ್ದರೂ ಓದುವವರಿಲ್ಲದೆ ಮೌನವಾಗಿದ್ದವು.

ಆ ಮೌನವನ್ನು ಒಡೆದವರಲ್ಲಿ ಮೊದಲಿಗರು ಲೆನಿನ್‌ಗ್ರಾಡಿನ ಯೂರಿ ಕ್ನೊರೊಜೊವ್. 1952ರಲ್ಲಿ ಅವರು ಲಾಂಡಾ ಅವರ ಪಟ್ಟಿಯನ್ನು ಕಾಗುಣಿತದಂತೆ ಹಿಡಿದರು. ಡ್ರೆಸ್ಡೆನ್ ನಗರದಲ್ಲಿರುವ ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಗುರುತುಗಳಿದ್ದವು. ಮೊದಲನೆಯದು ಪಟ್ಟಿಯಲ್ಲಿದ್ದ 'ಕು'. ಕೋಳಿಗೆ 'ಕುತ್ಸ್' ಎಂದು ಹೆಸರಾದುದರಿಂದ ಎರಡನೆಯದು 'ತ್ಸು' ಆಗಬೇಕು. ನಾಯಿಯ ಚಿತ್ರದ ಮೇಲೆ ಅದೇ 'ತ್ಸು' ಮೊದಲು ಬಂದು ಇನ್ನೊಂದು ಗುರುತು ಹಿಂದೆ ಬಂದಿತ್ತು. ನಾಯಿಗೆ 'ತ್ಸುಲ್', ಆದುದರಿಂದ ಅದು 'ಲು'. ಹನ್ನೊಂದು ಎಂಬ ಸಂಖ್ಯೆ ಬರಬೇಕಾದ ಸ್ಥಳದಲ್ಲಿ ಮೊದಲ ಗುರುತು ಅಳಿಸಿಹೋಗಿ ಮಿಕ್ಕೆರಡು ಗುರುತುಗಳು 'ಲು-ಕು' ಎಂದಿದ್ದವು, ಹನ್ನೊಂದಕ್ಕೆ 'ಬುಲುಕ್'. ಒಂದು ಪದವು ಇನ್ನೊಂದಕ್ಕೆ ಸಾಕ್ಷಿಯಾಗಿ, ಸರಪಳಿಯ ಕೊಂಡಿಗಳಂತೆ ಎಲ್ಲವೂ ಕೂಡಿಕೊಂಡವು.

ಇನ್ನೊಬ್ಬರ ಹೆಸರನ್ನು ಈ ಸಂಚಿಕೆಯ ವಾಚಕಿಯರಿಗೆ ಹೇಳದಿರಲಾಗದು. 1909ರಲ್ಲಿ ಸೈಬೀರಿಯಾದ ತೋಮ್‌ಸ್ಕ್ ನಗರದಲ್ಲಿ ಹುಟ್ಟಿ ಅಮೆರಿಕಾದಲ್ಲಿ ಬೆಳೆದ ತಾತಿಯಾನಾ ಪ್ರೊಸ್ಕೊರಿಯಾಕೊಫ್ ಅವರು ವಾಸ್ತುಶಿಲ್ಪವನ್ನು ಕಲಿತು, ಪಾಳುಬಿದ್ದ ನಗರಗಳ ಚಿತ್ರಗಳನ್ನು ಬರೆಯಲು ಹೋದವರು. ಪಿಯೆದ್ರಾಸ್ ನೆಗ್ರಾಸ್ ಎಂಬಲ್ಲಿಯ ಸ್ತಂಭಗಳ ಗುಂಪೊಂದೊಂದರ ತೇದಿಗಳೂ ಒಬ್ಬ ಮನುಷ್ಯನ ಆಯುಸ್ಸನ್ನು ಮೀರುವುದಿಲ್ಲವೆಂಬುದನ್ನು ಗಮನಿಸಿ, ಅವು ಅರಸರ ಜನನವನ್ನೂ ಪಟ್ಟಾಭಿಷೇಕವನ್ನೂ ಹೇಳುವ ಶಾಸನಗಳೆಂದು 1960ರಲ್ಲಿ ಸ್ಥಾಪಿಸಿದರು. ಉದ್ದವಾದ ನಿಲುವಂಗಿಯನ್ನು ತೊಟ್ಟ ಕೆಲವು ಮೂರ್ತಿಗಳನ್ನು ಅದುವರೆಗೆ ಹಲವರು ಪುರೋಹಿತರೆಂದು ಎಣಿಸಿದ್ದರು. ಆ ಮೂರ್ತಿಗಳ ಬಳಿಯ ಹೆಸರುಗಳ ಮುಂದೆ ಹೆಣ್ಣಿನ ಮುಖದ ಗುರುತೊಂದು ಮತ್ತೆ ಮತ್ತೆ ಬರುವುದನ್ನು ಕಂಡು, ಇವರು ಸ್ತ್ರೀಯರು, ಅರಸರ ತಾಯಂದಿರೂ ರಾಣಿಯರೂ ಎಂದು ಅವರು ತೋರಿಸಿಕೊಟ್ಟರು. ಆ ಗುರುತನ್ನು ಅದರ ನೆರೆಹೊರೆಯಿಂದ ಗುರುತಿಸಿದ್ದರ ಫಲವಾಗಿ ಒಂದು ನಾಡಿನ ಸ್ತ್ರೀಯರೆಲ್ಲ ಚರಿತ್ರೆಯೊಳಕ್ಕೆ ಮರಳಿ ಬಂದರು.

ಈಗ ವರ್ತಮಾನದ ಪ್ರಶ್ನೆಗೆ ಬರುವೆನು. ಥಾಂಪ್ಸನ್ ಅವರು 1962ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ ಎಂಟುನೂರಕ್ಕೂ ಮಿಕ್ಕಿದ ಗುರುತುಗಳಿಗೆ ಸಂಖ್ಯೆಗಳಿವೆ. ಅದು ಮಹತ್ತಾದ ಪರಿಶ್ರಮ. ಇಂದಿಗೂ ವಿದ್ವಾಂಸರು ಆ ಸಂಖ್ಯೆಗಳನ್ನು ಬಳಸುತ್ತಾರೆ. ಆದರೆ ಅವರು ಗುರುತುಗಳನ್ನು ಹೊರಗಿನ ಆಕಾರದಂತೆ ವಿಂಗಡಿಸಿದುದರಿಂದ ಬಾಚಣಿಗೆಯ 'ಕ' 25ನೆಯ ಸಂಖ್ಯೆಯಾಯಿತು, ಮೀನಿನ 'ಕ' ಬಹುದೂರದ ಬೇರೊಂದು ಸಂಖ್ಯೆಯಾಯಿತು. ಗಣಕಯಂತ್ರಗಳಲ್ಲಿ ಜಗತ್ತಿನ ಲಿಪಿಗಳಿಗೆ ಸ್ಥಾನವನ್ನು ಕೊಡುವ ಯೂನಿಕೋಡ್ ವ್ಯವಸ್ಥೆಗೆ 2018ರಲ್ಲಿ ಮಾಯಾ ಅಂಕೆಗಳು ಸೇರಿದವು. ಅಂಕೆಗಳಿಗಿಂತ ಅಕ್ಷರಗಳ ವಿಷಯ ಬಹಳ ತೊಡಕಿನದು. ಯಾವುದನ್ನು ಒಂದು ಅಕ್ಷರವೆಂದು ಎಣಿಸಬೇಕೆಂಬುದೇ ಮೊದಲ ಪ್ರಶ್ನೆ.

ಇಲ್ಲಿ ಎರಡು ಪಕ್ಷಗಳನ್ನು ಹಿಡಿಯಬಹುದು. ಧ್ವನಿ ಒಂದೇ ಆದ ಮೇಲೆ ಒಂದು ರೂಪವನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟರೆ ಕಲಿಯುವವರಿಗೆ ಸುಲಭವೆಂಬುದು ಒಂದು ಪಕ್ಷ. ಕಣ್ಣಿಗೆ ಬೇರೆಯಾಗಿ ಕಂಡದ್ದನ್ನೆಲ್ಲ ಬೇರೆಯೆಂದೇ ಎಣಿಸಿದರೆ ತಪ್ಪಿಗೆ ಆಸ್ಪದವಿಲ್ಲವೆಂಬುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಎರಡೂ ಅಪೂರ್ಣ. ಎರಡನೆಯ ಪಕ್ಷವನ್ನು ಹಿಡಿದರೆ 'ಕಕಾವ್' ಎಂಬ ಪದವನ್ನು ಓದುವ ಬಗೆಯೇ ಇಲ್ಲವೆಂಬುದನ್ನು ಈಗಾಗಲೇ ಕಂಡೆವು. ಮೊದಲನೆಯ ಪಕ್ಷವು ನಮ್ಮ ಲಿಪಿಗೆ ಸಲ್ಲುತ್ತದೆ, ಅವರ ಲಿಪಿಗೆ ಸಲ್ಲದು. ಗಣಕಯಂತ್ರದಲ್ಲಿ ಕನ್ನಡದ ರಕಾರಕ್ಕೆ ಒಂದೇ ಸಂಖ್ಯೆ ಸಾಕು; ಅದು ಎಲ್ಲಿ ನಿಂತಾಗ ಯಾವ ರೂಪವನ್ನು ತಾಳಬೇಕೆಂಬುದಕ್ಕೆ ನಿಯಮವುಂಟು. ಬಾಚಣಿಗೆಯನ್ನು ಬರೆಯಬೇಕೋ ಮೀನನ್ನು ಬರೆಯಬೇಕೋ ಎಂಬುದಕ್ಕೆ ಅಂತಹ ನಿಯಮವಿಲ್ಲ. ಅದು ಲಿಪಿಕಾರನ ಇಚ್ಛೆ. ಅವನ ಇಚ್ಛೆಯನ್ನು ಅಳಿಸಿದರೆ ಮರಳಿ ಪಡೆಯುವ ದಾರಿಯಿಲ್ಲ.

ರೂಪಗಳನ್ನು ಉಳಿಸುವುದು ಅಲಂಕಾರದ ಮೇಲಿನ ಮೋಹವೆಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿದೆ. ಸ್ಪೇನ್ ದೇಶದ ಅಲ್ಫೊನ್ಸೊ ಲಕಾದೆನಾ ಅವರು 1995ರ ತಮ್ಮ ಪ್ರಬಂಧದಲ್ಲಿ ಮಾಯಾ ಅಕ್ಷರಗಳ ರೂಪಗಳು ಕಾಲದಿಂದ ಕಾಲಕ್ಕೆ ಬದಲಾದ ರೀತಿಯನ್ನು ಪರಿಶೀಲಿಸಿದರು. ನಮ್ಮ ಶಾಸನತಜ್ಞರು ಅಕ್ಷರದ ಬಾಗುಬಳುಕುಗಳನ್ನು ನೋಡಿ ತೇದಿಯಿಲ್ಲದ ಕಲ್ಲಿಗೆ ಕಾಲವನ್ನು ಹೇಳುವಂತೆಯೇ ಇದು. ಯಾವ ಊರಿನ ಲಿಪಿಕಾರನು ಯಾವ ರೂಪವನ್ನು ಮೆಚ್ಚಿದನು, ಹೊಸ ರೂಪವು ಎಲ್ಲಿ ಹುಟ್ಟಿ ಎಲ್ಲಿಗೆ ಹರಡಿತು ಎಂಬುದೆಲ್ಲ ಚರಿತ್ರೆಯ ಸಾಮಗ್ರಿ. ಆದುದರಿಂದ ಪ್ರತಿ ಅಕ್ಷರಕ್ಕೂ ಒಂದು ಹೆಸರನ್ನು ಕೊಟ್ಟು, ಆ ಹೆಸರಿನ ಕೆಳಗೆ ಅದರ ರೂಪಗಳನ್ನೆಲ್ಲ ಊರು ಕಾಲಗಳ ಸಮೇತ ಬೇರೆ ಬೇರೆಯಾಗಿ ಕಾಪಾಡುವುದೇ ಯುಕ್ತ. ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದಲ್ಲಿ 2014ರಲ್ಲಿ ಆರಂಭವಾದ ಮಾಯಾ ನಿಘಂಟಿನ ಕಾರ್ಯವು ಅಕ್ಷರ ಬೇರೆ, ಅದರ ರೂಪಗಳು ಬೇರೆ ಎಂಬ ಈ ವಿವೇಕವನ್ನೇ ಅನುಸರಿಸಿರುವುದು ಸಂತೋಷದ ವಿಷಯ.

ಇದು ಪಂಡಿತರ ಮನೆಯ ಜಗಳವಷ್ಟೇ ಎಂದು ತಿಳಿಯಬೇಡಿರಿ. ಮಾಯಾ ಜನರು ಅಳಿದುಹೋದವರಲ್ಲ. ಲಕ್ಷಾಂತರ ಜನರು ಇಂದಿಗೂ ಮಾಯಾ ಭಾಷೆಗಳನ್ನು ಮನೆಯಲ್ಲಿ ನುಡಿಯುತ್ತಾರೆ. ಚಿತ್ರಕಲೆಯ ಉಪಾಧ್ಯಾಯಿನಿಯಾಗಿದ್ದು ಮಾಯಾ ಲಿಪಿಯ ಪಂಡಿತೆಯಾದ ಲಿಂಡಾ ಶೀಲೆ ಅವರು ತಮ್ಮ ಜೊತೆಗಾರರೊಡನೆ 1980ರ ದಶಕದ ಕೊನೆಯಿಂದ ಗ್ವಾಟೆಮಾಲಾದ ಮಾಯಾ ಜನರಿಗೆ ಅವರ ಪೂರ್ವಿಕರ ಲಿಪಿಯನ್ನು ಕಲಿಸುವ ಶಿಬಿರಗಳನ್ನು ನಡೆಸಿದರು. ತಾತನ ಕೈಬರಹವನ್ನು ಮೊಮ್ಮಗಳು ಮತ್ತೆ ಕಲಿಯುವಾಗ, ತಾತನು ಬರೆದ ಮೂರು ರೂಪಗಳಲ್ಲಿ ಎರಡನ್ನು ತಪ್ಪೆಂದು ಹೊಡೆದುಹಾಕುವ ಅಧಿಕಾರ ನಮಗೆ ಯಾರು ಕೊಟ್ಟರು? ಮೊದಲಿಗೆ ಒಂದು ರೂಪವನ್ನು ಕಲಿಸಿರಿ, ತಪ್ಪಿಲ್ಲ. ಆದರೆ ಮಿಕ್ಕವುಗಳನ್ನು ಸ್ಥಾನದಿಂದಲೂ ನೆರೆಹೊರೆಯಿಂದಲೂ ಗುರುತಿಸುವ ನ್ಯಾಯವನ್ನು ಅದರೊಡನೆಯೇ ಕಲಿಸಿರಿ. ರೂಪಗಳನ್ನು ಬಾಯಿಪಾಠ ಮಾಡಿದವಳು ಕಂಡದ್ದನ್ನು ಮಾತ್ರ ಓದುವಳು. ನ್ಯಾಯವನ್ನು ಬಲ್ಲವಳು ಹಿಂದೆಂದೂ ಕಾಣದ ರೂಪವನ್ನೂ ಓದುವಳು.

ವಾಚಕ ಸಹೋದರಿಯರೇ, ತಾಯಿತಂದೆಗಳೇ, ಮಾಯಾ ಶಿಲಾಸ್ತಂಭದ ಮುಂದೆ ನಿಲ್ಲುವ ಅವಕಾಶ ನಮ್ಮಲ್ಲಿ ಬಹುಮಂದಿಗೆ ಬಾರದಿರಬಹುದು. ಆದರೆ ಗುರುತಿಸುವ ಕೆಲಸ ಪ್ರತಿದಿನವೂ ನಮ್ಮ ಮುಂದಿರುತ್ತದೆ. ಒಂದೇ ಸಾಕ್ಷಿಯನ್ನು ಕಂಡು ತೀರ್ಪು ಕೊಡದೆ, ಮೂರು ಕಡೆ ನೋಡಿ, ತಾಳೆಯಾದ ಮೇಲೆಯೇ ಇದು ಅದೇ ಎನ್ನುವ ಸಂಯಮವನ್ನು ಮಕ್ಕಳಿಗೆ ಪಾಠಶಾಲೆಯಲ್ಲಿಯೂ ಮನೆಯಲ್ಲಿಯೂ ಕಲಿಸಬಹುದು. ನಿಮ್ಮ ಮಗಳು ಪುಸ್ತಕವನ್ನು ಹಿಡಿದು ಬಂದು, ಒಂದೇ ಅಕ್ಷರಕ್ಕೆ ಇಷ್ಟು ರೂಪಗಳೇಕೆಂದು ಕೇಳಿದರೆ, ಅದು ಹಾಗೆಯೇ ಸುಮ್ಮನಿರು ಎನ್ನದೆ, ಅವು ಒಂದೇ ಎಂದು ನಿನಗೆ ಹೇಗೆ ತಿಳಿಯಿತು ಎಂದು ಅವಳನ್ನೇ ತಿರುಗಿ ಕೇಳಿರಿ. ಉತ್ತರವನ್ನು ಹುಡುಕಲು ಅವಳಿಗೆ ಸಾಕಷ್ಟು ಸಮಯವನ್ನು ಕೊಡಿರಿ.